ಶಿಶುವಿಹಾರದ ಲೈವ್ ಮತ್ತು ನನ್ನ ಬಿ.ಪಿ.

ಬೇರೆಯವರು ಮೊಬೈಲ್ ಹಿಡಿದು ಲೈವ್ ಹೋದರೆ ಲೈಕುಗಳು ಸುರಿಯುತ್ತವಂತೆ. ನಮ್ಮ ಮಹಿಳಾ ಸಮಾಜದವರು ಹೋದರೆ ಏನಾದರೊಂದು ಎಡವಟ್ಟು ಆಗೇ ಆಗುತ್ತದೆ. ಒಂದು ಸಲ ಆದರೆ ಗ್ರಹಚಾರ ಅನ್ನಬಹುದು. ಪ್ರತಿ ಸಲವೂ ಆದರೆ ಏನನ್ನೋಣ, ನೀವೇ ಹೇಳಿ.

ನಾನು ಮೈಸೂರಿನ ಒಂಟಿಕೊಪ್ಪಲಿನಲ್ಲಿರುವ ಒಂದು ಪುಟ್ಟ ಮಹಿಳಾ ಸಮಾಜದ ಕಾರ್ಯದರ್ಶಿ. ನನ್ನದು ಮೊದಲೇ ಪುಕ್ಕಲು ಜೀವ. ಮನೆಗೆ ಬೀಗ ಹಾಕಿ ಗೇಟಿನವರೆಗೆ ಹೋಗಿ, ವಾಪಸ್ ಬಂದು ಬೀಗ ಜಗ್ಗಿ ನೋಡುವವಳು. ಇಂಥವಳ ತಲೆಗೆ ಸಮಾಜದ ಶಿಶುವಿಹಾರ ಕಟ್ಟಿದ್ದಾರೆ. ಒಂದು ಕಾಲಕ್ಕೆ ಅಲ್ಲಿ ಮಕ್ಕಳನ್ನು ಕೂರಿಸಲು ಚಾಪೆ ಸಾಲುತ್ತಿರಲಿಲ್ಲ. ಈ ವರ್ಷ ಜೂನ್ ಮೊದಲ ವಾರ ಬಂದದ್ದು ನಾಲ್ಕೇ ಮಕ್ಕಳು.

ನಾವು ಅದನ್ನು ನಡೆಸುವ ಹಾಲ್ ಬಡಾವಣೆಯ ಕಟ್ಟಡ ಸಮಿತಿಗೆ ಸೇರಿದ್ದು. ಸಮಿತಿಯ ಯಜಮಾನರು ನಿವೃತ್ತ ಇಂಜಿನಿಯರು, ಮುಖದಲ್ಲಿ ನಗು ಅನ್ನೋದೇ ಇಲ್ಲ. ಒಂದು ಬೆಳಿಗ್ಗೆ ಬಂದು, ನಾಲ್ಕು ಮಕ್ಕಳನ್ನೂ ಎರಡೆರಡು ಸಲ ಎಣಿಸಿ ಹೇಳಿದರು: "ನೋಡೀಮ್ಮಾ, ತಿಂಗಳ ಕೊನೆಯೊಳಗೆ ಹದಿನೈದು ಮಕ್ಕಳಾಗಬೇಕು. ಇಲ್ಲದಿದ್ರೆ ಬೀಗದ ಕೈ ಕೊಟ್ಬಿಡಿ. ಯೋಗ ಕ್ಲಾಸಿನವರು ಹಾಲ್ ಕೇಳ್ತಿದ್ದಾರೆ."

ಅವರು ಅತ್ತ ಹೋದದ್ದೇ ನಮ್ಮ ಆಯಾ ಸೆರಗಲ್ಲಿ ಕೈ ಒರೆಸಿಕೊಂಡು ಬಂದಳು. ಇಪ್ಪತ್ತೆರಡು ವರ್ಷದಿಂದ ಈ ಹಾಲಿನಲ್ಲೇ ಮಕ್ಕಳ ಮೂಗು ಒರೆಸಿದವಳು. "ಮುಚ್ಬುಟ್ರೆ ನಾನೆಲ್ಲಿಗೆ ಓಗ್ಲಿ, ಅಮ್ಮಾವ್ರೇ?" ಅಂದಳು. ನಾನು ರಿಜಿಸ್ಟರ್ ತೆಗೆದು ನಾಲ್ಕು ಹೆಸರನ್ನು ಇನ್ನೊಂದು ಸಲ ಎಣಿಸಿದೆ.

ನಮ್ಮ ಸಮಾಜದ ಅಧ್ಯಕ್ಷೆಗೆ ಮಾತ್ರ ಚಿಂತೆ ಅನ್ನೋದು ಗೊತ್ತಿಲ್ಲ. "ಅಳ್ತಾ ಕೂತ್ರೆ ಮಕ್ಕಳು ಬರ್ತಾರೇನ್ರೀ? ಲೈವ್ ಮಾಡೋಣ. ಈಗ ಎಲ್ಲಾ ಲೈವೇ ಕಣ್ರೀ" ಅಂದುಬಿಟ್ಟರು.

೧. ಮೂರನೇ ಕುರ್ಚಿ

ಮೊದಲ ಲೈವ್ ಹತ್ತು ಗಂಟೆಗೆ ಅಂತ ಎಲ್ಲ ಕಡೆ ತಿಳಿಸಿದ್ದೆವು. ಅಧ್ಯಕ್ಷೆಯ ಲೆಕ್ಕದಲ್ಲಿ ಲೈವ್ ಅಂದರೆ ಸಭಾ ಕಾರ್ಯಕ್ರಮ. ವೇದಿಕೆ, ಐದು ಕುರ್ಚಿ, ಟೇಬಲ್ಲಿನ ಮೇಲೆ ಕಸೂತಿ ಬಟ್ಟೆ, ದೀಪದ ಕಂಬ, ಮುಖ್ಯ ಅತಿಥಿ, ಎಲ್ಲ ಆಗಬೇಕು. ಮುಖ್ಯ ಅತಿಥಿ ಬನ್ನಿಮಂಟಪದ ಕಡೆಯಿಂದ ಬರಬೇಕಿದ್ದ ನಿವೃತ್ತ ಹೆಡ್‌ಮಿಸ್ಟ್ರೆಸ್.

ಹತ್ತು ಹೊಡೆಯಿತು, ಅತಿಥಿ ಇಲ್ಲ. "ಶುರು ಮಾಡಿ ಲೈವ್. ಟೈಮ್ ಅಂದ್ರೆ ಟೈಮ್" ಅಂದರು ಅಧ್ಯಕ್ಷೆ. ಒತ್ತಿದೆ. "ಸರಿ, ಈಗ ಮಾತಾಡಲಾ?" ಅಂದೆ. "ಅಯ್ಯೋ, ಅತಿಥಿಗಳು ಬರೋ ಮುಂಚೆ ಮಾತಾಡ್ತಾರೇನ್ರೀ? ಶಿಷ್ಟಾಚಾರ ಬೇಡ್ವಾ?"

ಹೀಗೆ ನಲವತ್ತು ನಿಮಿಷ ನಮ್ಮ ಶಿಶುವಿಹಾರ ಲೋಕಕ್ಕೆಲ್ಲ ಐದು ಖಾಲಿ ಕುರ್ಚಿ ತೋರಿಸಿತು. ನಡುವೆ ಒಂದು ಸಲ ಆಯಾ ಬಂದು ಟೇಬಲ್ ಒರೆಸಿದಳು. ಮತ್ತೊಂದು ಸಲ ಬಂದು ಒರೆಸಿದ್ದನ್ನೇ ಒರೆಸಿದಳು. ನನಗೆ ಬೆವರು ಕಿತ್ತುಕೊಂಡು ಬಂತು. ಫ್ಯಾನ್ ಹಾಕೋಣ ಅಂದರೆ, ಇನ್ನೂ ಹಚ್ಚದ ದೀಪ ಆರುತ್ತದಂತೆ.

ಆಮೇಲೆ ಅತಿಥಿ ಬಂದರು. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ಹಾರ ಹಾಕಿ ಹಣ್ಣಿನ ಬುಟ್ಟಿ ಕೊಟ್ಟದ್ದೂ ಆಯಿತು. "ಪೋಷಕರೇ, ನಮ್ಮಲ್ಲಿ ಪ್ರವೇಶ" ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಮೊಬೈಲಿನ ಚಾರ್ಜ್ ಮುಗಿಯಿತು.

ಮನೆಗೆ ಹೋಗಿ ಚಾರ್ಜ್ ಹಾಕಿ, ಕಾಮೆಂಟ್ ನೋಡಿದೆ. ಒಂದೇ ಒಂದಿತ್ತು: "ಎಡಗಡೆಯಿಂದ ಮೂರನೇ ಕುರ್ಚಿಯ ಕಾಲು ಸೊಟ್ಟ ಇದೆ. ದಪ್ಪಗಿರೋರನ್ನ ಕೂರಿಸಬೇಡಿ."

ಅಧ್ಯಕ್ಷೆ ಅದರಲ್ಲೇ ಕೂತಿದ್ದರು.

೨. ಹನ್ನೊಂದು ಲೋಟ

ಎರಡನೇ ಸಲ ವೇದಿಕೆ ಬೇಡ ಅಂತ ನಾನು ಹಟ ಹಿಡಿದೆ. ಬರೀ ಗೋಡೆಯ ಚಿತ್ರ, ಆಟದ ಸಾಮಾನು ತೋರಿಸಿ ಮಾತಾಡುತ್ತಾ ಹೋದೆ. ಮೊಬೈಲಿನ ಮೂಲೆಯಲ್ಲಿ ಸಂಖ್ಯೆ ಏರುತ್ತಿತ್ತು. ಆರು, ಎಂಟು, ಹನ್ನೊಂದು! ಖುಷಿ ತಡೆಯಲಾರದೆ, "ಹನ್ನೊಂದು ಜನ ಬಂದಿದ್ದಾರೆ ರೀ!" ಅಂತ ಕೂಗಿದೆ.

ಐದು ನಿಮಿಷಕ್ಕೆ ಆಯಾ ತಟ್ಟೆಯ ತುಂಬ ಹನ್ನೊಂದು ಲೋಟ ಕಾಫಿ ಜೋಡಿಸಿಕೊಂಡು ಬಂದಳು. ಹಬೆಯಾಡುವ ಕಾಫಿ. ಮಕ್ಕಳಿಗೆ ಅಂತ ತಂದಿಟ್ಟಿದ್ದ ಹಾಲೆಲ್ಲ ಅದಕ್ಕೇ ಹೋಗಿತ್ತು. "ಎಲ್ಲವ್ರೆ?" ಅಂತ ಸುತ್ತ ನೋಡಿದಳು.

"ಇದರೊಳಗಿದ್ದಾರೆ ಕಣೇ" ಅಂತ ಮೊಬೈಲ್ ತೋರಿಸಿದೆ. ಅವಳು ಬಗ್ಗಿ ನೋಡುವ ಹೊತ್ತಿಗೆ ಹನ್ನೊಂದು ಹೋಗಿ ಒಂಬತ್ತಾಯಿತು. "ಅಯ್ಯೋ, ಇಬ್ರು ಎದ್ದೋದ್ರಲ್ಲಮ್ಮಾವ್ರೇ! ಕಾಪಿ ಕುಡೀದೆ ಅಂಗೇ ಓಗ್ಬುಟ್ರು!"

ಅವಳಿಗಾದರೆ ಗೊತ್ತಿಲ್ಲ ಅನ್ನೋಣ. ನಮ್ಮ ಅಧ್ಯಕ್ಷೆ, ಎಂ.ಎ. ಓದಿದವರು, ದಡಬಡ ಎದ್ದು ಕುಂಕುಮದ ಬಟ್ಟಲು ಹಿಡಿದು ಮೊಬೈಲಿನ ಎದುರಿಗೆ ಬಂದರು. "ಯಾರೂ ಹೊರಡಬೇಡಿ. ಕುಂಕುಮ ತಗೊಂಡೇ ಹೋಗ್ಬೇಕು" ಅಂದರು.

ಒಂಬತ್ತು ಹೋಗಿ ಎರಡಾಯಿತು. ಆ ಇಬ್ಬರಲ್ಲಿ ಒಬ್ಬರು ನನ್ನ ಯಜಮಾನರು. ಇನ್ನೊಬ್ಬರು ಸಮಿತಿಯ ಯಜಮಾನರು.

೩. ಎರವಲು ಮಕ್ಕಳು

ತಿಂಗಳು ಅರ್ಧ ಮುಗಿದಿತ್ತು. ಅಂತೂ ಇಂತೂ ಆರು ಮಕ್ಕಳಾಗಿದ್ದರು. ರಾತ್ರಿ ನಿದ್ದೆ ಇಲ್ಲ, ಹಗಲು ಊಟ ಸೇರದು. ಡಾಕ್ಟರು ಬಿ.ಪಿ. ಮಾತ್ರೆ ಒಂದಿದ್ದದ್ದನ್ನು ಎರಡು ಮಾಡಿದರು. "ಹಾಲ್ ಬಣಬಣ ಅಂತಿದ್ರೆ ಯಾರು ಸೇರಿಸ್ತಾರೆ? ತುಂಬಿದ ಹಾಗೆ ಕಾಣಬೇಕು" ಅಂದರು ಅಧ್ಯಕ್ಷೆ. ಮಾರನೆಯ ದಿನ ಸದಸ್ಯೆಯರೆಲ್ಲ ತಮ್ಮ ತಮ್ಮ ಮೊಮ್ಮಕ್ಕಳನ್ನು ಹಿಡಿದುಕೊಂಡು ಬಂದರು. ಅಧ್ಯಕ್ಷೆಯೂ ಸಿದ್ಧಾರ್ಥನಗರದ ಯಾವುದೋ ಕಾನ್ವೆಂಟಿಗೆ ಹೋಗುವ ಮೊಮ್ಮಗನನ್ನು ಕರೆತಂದಿದ್ದರು. ನನಗೆ ಮನಸ್ಸಿರಲಿಲ್ಲ. ಸುಳ್ಳು ಅಂದರೆ ನನ್ನ ಕೈಕಾಲು ತಣ್ಣಗಾಗುತ್ತವೆ.

ಹಾಲ್ ಗಿಜಿಗಿಜಿ. ಅಧ್ಯಕ್ಷೆ ಮೊಮ್ಮಗನ ಮುಂದೆ ಮೊಬೈಲ್ ಹಿಡಿದು, "ಪುಟ್ಟಾ, ಈ ಸ್ಕೂಲ್ ಹೇಗಿದೆ ಹೇಳು" ಅಂದರು.

"ನಂಗೇನ್ ಗೊತ್ತು? ಇವತ್ತೇ ಬಂದಿರೋದು" ಅಂದ ಅವನು. "ಚಾಕ್ಲೇಟ್ ಯಾವಾಗ ಕೊಡ್ತೀಯ ಅಜ್ಜಿ?"

ಅಷ್ಟರಲ್ಲಿ ಒಂದು ಕಾಮೆಂಟ್ ಬಂತು. ನಾನು ಗಾಬರಿಯಲ್ಲಿ ಹಿಂದೆಮುಂದೆ ನೋಡದೆ ಗಟ್ಟಿಯಾಗಿ ಓದಿಬಿಟ್ಟೆ: "ನಾನು ಇವನ ಕ್ಲಾಸ್ ಟೀಚರ್. ಜ್ವರ, ಹಾಸಿಗೆ ಬಿಟ್ಟು ಏಳ್ತಿಲ್ಲ ಅಂತ ಬೆಳಿಗ್ಗೆ ಅಜ್ಜಿಯೇ ಫೋನ್ ಮಾಡಿದ್ದರು. ಬೇಗ ಗುಣವಾದದ್ದು ಸಂತೋಷ."

೪. ಬಾಯಿ ತೆಗಿ

ಆಮೇಲೆ ನನಗೆ ಲೈವ್ ಅಂದರೇ ವಾಕರಿಕೆ. ಆದರೂ ಬಿಡುವ ಹಾಗಿಲ್ಲ. ಒಂದು ಮಧ್ಯಾಹ್ನ ಇದ್ದದ್ದನ್ನು ಇದ್ದ ಹಾಗೆ ತೋರಿಸೋಣ ಅಂತ ಮಕ್ಕಳ ಊಟದ ಹೊತ್ತಿಗೆ ಮೊಬೈಲನ್ನು ಕಿಟಕಿಗೆ ಒರಗಿಸಿಟ್ಟೆ. ಒಂದು ಮಗು ತುಟಿ ಬಿಗಿದುಕೊಂಡು ಕೂತಿತ್ತು. ಆಯಾ ಅನ್ನ ಸಾರು ಕಲಸಿ, ತುತ್ತು ಎತ್ತಿ ಹಿಡಿದು, "ಏಯ್ ಚಿನ್ನಾ, ಬಾಯಿ ತೆಗಿ!" ಅಂದಳು. ಅವಳ ಗಂಟಲೋ, ಬೀದಿಯ ಕೊನೆಗೂ ಕೇಳುತ್ತದೆ. ಮಗು ಬಾಯಿ ತೆಗೆಯಿತು.

ತಕ್ಷಣ ಯಾರೋ ತಾಯಿಯ ಕಾಮೆಂಟ್: "ಇಲ್ಲಿ ನನ್ನ ಮಗನೂ ಬಾಯಿ ತೆಗೆದ! ಇನ್ನೊಂದ್ಸಲ ಹೇಳಿಸಿ ಪ್ಲೀಸ್."

ಹೇಳಿಸಿದೆ. ಆ ತಾಯಿ ಇನ್ನಾರಿಗೋ ಹೇಳಿದಳು, ಅವಳು ಮತ್ತಾರಿಗೋ. ಒಂದು ವಾರಕ್ಕೆ ಮಧ್ಯಾಹ್ನ ಹನ್ನೆರಡಾದರೆ ಮುನ್ನೂರು ಜನ! ಮೈಸೂರಿನ ಮನೆಮನೆಯಲ್ಲೂ ತಾಯಂದಿರು ಮಗುವಿನ ಮುಂದೆ ಮೊಬೈಲ್ ಇಟ್ಟು, ತುತ್ತು ಹಿಡಿದು, ನಮ್ಮ ಆಯಾಳ ಕೂಗಿಗೆ ಕಾಯುತ್ತಿದ್ದರು. ಅಧ್ಯಕ್ಷೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾನು ಮಾತ್ರ ರಿಜಿಸ್ಟರ್ ನೋಡಿಕೊಂಡು ಕೂತಿದ್ದೆ. ಅದೇ ಆರು ಹೆಸರು.

ಫೋನ್ ಮಾಡಿದ ಒಬ್ಬಳನ್ನು ಕೇಳಿಯೇಬಿಟ್ಟೆ: "ಮಗೂನ ನಮ್ಮಲ್ಲಿ ಸೇರಿಸಬಾರದೇನಮ್ಮಾ?"

"ಯಾಕೆ ಆಂಟಿ? ಮನೇಲೇ ಚೆನ್ನಾಗಿ ತಿಂತಾನಲ್ಲ!" ಅಂದಳು.

ಕೆಟ್ಟ ಸಿಟ್ಟು ಬಂತು ನೋಡಿ. ಜನ್ಮದಲ್ಲಿ ಮೊದಲ ಸಲ ನನಗೂ ಧೈರ್ಯ ಬಂತು. ತಿಂಗಳು ಮುಗಿಯಲು ಎರಡು ದಿನ ಇತ್ತು. "ನಾಳೆಯಿಂದ ಲೈವ್ ಇಲ್ಲ" ಅಂದೆ. "ತಲೆ ಕೆಟ್ಟಿದೆಯೇನ್ರೀ? ಮುನ್ನೂರು ಜನ!" ಅಂತ ಅಧ್ಯಕ್ಷೆ ಕೂಗಾಡಿದರು. ಮಾರನೆಯ ದಿನ ನಾನು ಮೊಬೈಲ್ ಆಫ್ ಮಾಡಿ ಬೀರುವಿನಲ್ಲಿಟ್ಟೆ. ಇಡೀ ದಿನ ಒಂದು ನರಪಿಳ್ಳೆಯೂ ಬರಲಿಲ್ಲ. ಮಾಡಿದ್ದು ತಪ್ಪಾಯಿತೇ ಅಂತ ಹತ್ತು ಸಲ ಗೇಟಿನವರೆಗೆ ಹೋಗಿ ಬಂದೆ. ಬೀಗದ ಕೈ ಗೊಂಚಲಿನಿಂದ ಬಿಡಿಸಿ ಬ್ಯಾಗಿನಲ್ಲಿಟ್ಟುಕೊಂಡೆ. ಆಯಾ ಅದನ್ನು ನೋಡಿ, ಒರೆಸಿದ ಟೇಬಲನ್ನೇ ಮತ್ತೆ ಒರೆಸಿದಳು.

ಕೊನೆಯ ದಿನ ಹನ್ನೊಂದೂವರೆಗೆ ಗೇಟಿನ ಹತ್ತಿರ ಸದ್ದು. ಹೋಗಿ ನೋಡಿದರೆ ಆಟೋ, ಸ್ಕೂಟರು, ಕಂಕುಳಲ್ಲಿ ಮಕ್ಕಳು, ಕೈಯಲ್ಲಿ ಡಬ್ಬಿ. "ನಿನ್ನೆಯಿಂದ ಒಂದು ತುತ್ತು ಮುಟ್ಟಿಲ್ಲ ಆಂಟಿ! ಎಲ್ಲಿ ಆಯಾ?"

ನಾನು ಬಾಗಿಲಿಗೆ ಅಡ್ಡ ನಿಂತು ಹೇಳಿದೆ: "ಅಡ್ಮಿಷನ್ ಆದ ಮಕ್ಕಳಿಗೆ ಮಾತ್ರ."

ಅರ್ಧ ಗಂಟೆಯಲ್ಲಿ ಹನ್ನೆರಡು ಅರ್ಜಿ ತುಂಬಿದವು. ನನಗೆ ಅಳು ಬಂದು ಎರಡು ಅರ್ಜಿಯ ಶಾಯಿ ಕಲಸಿಹೋಯಿತು.

ಸರಿಯಾಗಿ ಹನ್ನೆರಡಕ್ಕೆ ಸಮಿತಿಯ ಯಜಮಾನರು ಹೊಸ ಬೀಗ ಹಿಡಿದುಕೊಂಡು ಬಂದರು. ಒಳಗೆ ಸಾಲಾಗಿ ಮಕ್ಕಳು. ನನ್ನ ಮಾತು ನಂಬದೆ, ಸಾಲಿನ ಹಿಂದೆ ಬಗ್ಗಿಕೊಂಡು ತಲೆ ಮುಟ್ಟಿ ಎಣಿಸುತ್ತಾ ಬಂದರು. ಹದಿನಾರು, ಹದಿನೇಳು, ಹದಿನೆಂಟು ಅಂತ ಕೊನೆಯ ಮಗುವಿನ ಪಕ್ಕಕ್ಕೆ ಬರುವ ಹೊತ್ತಿಗೆ ಆಯಾ ತುತ್ತು ಎತ್ತಿ ಕೂಗಿದಳು: "ಬಾಯಿ ತೆಗಿ!"

ಮಕ್ಕಳೆಲ್ಲ ತೆಗೆದರು. ನಾನೂ ತೆಗೆದೆ, ಅಧ್ಯಕ್ಷೆಯೂ ತೆಗೆದರು. ಯಜಮಾನರೂ ತೆಗೆದರು. ತೆರೆದ ಬಾಯಿ ಕಂಡರೆ ತುತ್ತಿಡುವುದು ಆಯಾಳಿಗೆ ಇಪ್ಪತ್ತೆರಡು ವರ್ಷದ ಅಭ್ಯಾಸ, ಯಾರದ್ದು ಅಂತ ನೋಡಲಿಲ್ಲ, ಇಟ್ಟೇಬಿಟ್ಟಳು.

ಯಜಮಾನರು ಕೆಂಪಗಾಗಿ ಆಯಾಳನ್ನು ನೋಡಿದರು, ನನ್ನನ್ನು ನೋಡಿದರು, ನಿಧಾನವಾಗಿ ಅಗಿದು ನುಂಗಿದರು. ಬೀಗವನ್ನು ಜೇಬಿಗೆ ಹಾಕಿಕೊಂಡು, ಕೊನೆಯ ಮಗುವಿನ ಪಕ್ಕ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮತ್ತೆ ಬಾಯಿ ತೆಗೆದರು.