ಸ್ವರ್ಗ ಬರೆಯುವ ಮಾಮಾ

ಬದುಕಿರುವಾಗಲೇ ಸ್ವರ್ಗ ಕಂಡವರು ಎಷ್ಟು ಮಂದಿ ಇದ್ದೀರಿ? ನಾನು ಹತ್ತಾರು ಸಲ ಕಂಡಿದ್ದೇನೆ. ಒಂದರಲ್ಲಿ ಪಂಕ್ಚರ್ ಹಾಕಿಸಿಕೊಂಡೆ, ಒಂದರಲ್ಲಿ ಕ್ಷೌರ ಮಾಡಿಸಿಕೊಂಡೆ, ಇನ್ನೊಂದರಲ್ಲಿ ಪೂರಿ ತಿಂದು ಎರಡು ದಿನ ಮಲಗಿದೆ. ಅಷ್ಟೂ ಅಂಗಡಿಗಳ ಮೇಲೆ ಆ ಹೆಸರು ಬರೆದವರು ನಮ್ಮ ಸೋದರಮಾವ. ಅವುಗಳಲ್ಲಿ ಒಂದೂ ಈಗ ಉಳಿದಿಲ್ಲ.

ಮಾಮಾ ರಾಯಚೂರಿನ ಗಡಿ ದಾಟಿದರೆ ಸಿಗುವ ಮಕ್ತಲ್‌ನವರು, ಅಂಗಡಿಗಳ ಬೋರ್ಡ್ ಬರೆಯುವ ಪೇಂಟರು. ನಾರಾಯಣಪೇಟೆಯಿಂದ ಗದ್ವಾಲದವರೆಗೆ ಕನ್ನಡ, ತೆಲುಗು, ಉರ್ದು ಮೂರನ್ನೂ ಅವರಷ್ಟು ಚಂದ ಬರೆಯುವವರಿರಲಿಲ್ಲ. ತೊಂದರೆ ಏನೆಂದರೆ, ಹೆಸರು ಇಡುವುದೂ ತಮ್ಮದೇ ಕೆಲಸ ಎಂದು ಅವರು ತಿಳಿದಿದ್ದರು. ಅವರ ಹತ್ತಿರ ಇದ್ದದ್ದು ಒಂದೇ ಹೆಸರು. ಸೀರೆ ಅಂಗಡಿಗೆ ಸ್ವರ್ಗ. ಪಕ್ಕದ ಸೈಕಲ್ ಅಂಗಡಿಗೆ ತೆಲುಗಿನಲ್ಲಿ ಸ್ವರ್ಗಂ. ಅದರಾಚೆಯ ಟೇಲರಿಗೆ ಅದನ್ನೇ ಉರ್ದುವಿನಲ್ಲಿ, ಜನ್ನತ್.

ಒಮ್ಮೆ ದಾಮರಗಿದ್ದದ ಕಡೆಯವರೊಬ್ಬರು ಮಟನ್ ಅಂಗಡಿಗೆ ಮಗಳ ಹೆಸರು ಬರೆಸಲು ಬಂದರು. ಮಾಮಾ ಕೇಳದೆ ಅದಕ್ಕೂ ಸ್ವರ್ಗ ಎಂದೇ ಬರೆದಿಟ್ಟರು.

"ಪೇಂಟರ್ ಸಾಬ್, ಅಲ್ಲಿ ಸ್ವರ್ಗಕ್ಕ ಹೋಗೋದು ಕುರಿ. ಗಿರಾಕಿ ಅಲ್ಲ."

"ಕುರೀನ ಯಾರು ಕೇಳ್ತಾರ್ರೀ? ಅದಕ್ಕೂ ಒಂದು ಚಲೋ ಜಾಗ ಸಿಗ್ಲಿ," ಎಂದರು ಮಾಮಾ.

ಇಂಥವರು ತಮ್ಮ ಮನೆಗೆ ಬೇರೆ ಹೆಸರಿಟ್ಟಾರೆಯೇ? ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ 'ಸ್ವರ್ಗ' ಎಂದೇ ಬರೆದರು. ಮಗಳ ಮದುವೆ ಗೊತ್ತಾದಾಗ, ಯಾರಿಗೂ ತೋರಿಸದೆ, ಕಾರ್ಡಿನಲ್ಲಿ ತಮ್ಮ ಹೆಸರಿನ ಮುಂದೆ 'ಸ್ವರ್ಗವಾಸಿ' ಎಂದು ಅಚ್ಚು ಹಾಕಿಸಿದರು. ಗದ್ವಾಲದ ಬೀಗರ ಪೈಕಿ ಒಬ್ಬ ಹಿರಿಯರು ಕಾರ್ಡು ಓದಿ ಗಾಬರಿಯಾಗಿ ಬಂದರು. ತಲೆ ತಗ್ಗಿಸಿಕೊಂಡೇ ಮಾಮಾನ ಹೆಂಡತಿ, ನಮ್ಮ ಅತ್ತಿಯನ್ನು ಕೇಳಿದರು:

"ಏನಾಗಿತ್ರೀ ತಂಗಿ, ಅವರಿಗೆ?"

"ಏನೂ ಆಗಿಲ್ರೀ. ಹಿತ್ತಲದಾಗ ಹಲ್ಲು ತಿಕ್ಕಾಕತ್ಯಾರ," ಎಂದಳು ಅತ್ತಿ.

ಅತ್ತಿಯ ನಾಲಿಗೆಯೇ ಹಾಗೆ. ಮಾಮಾ ಕಟ್ಟಿದ ಸ್ವರ್ಗಗಳನ್ನೆಲ್ಲ ಅವಳು ಒಂದೊಂದೇ ಮಾತಿನಲ್ಲಿ ಕೆಡವುತ್ತಿದ್ದಳು. ಕೆಡವಿದ ಮೇಲೆ ಚಹಾ ಕೊಡುತ್ತಿದ್ದಳು.

ಮಾಮಾ ಒಂದು ನಾಟಕವನ್ನೂ ಬರೆದರು. ಹೆಸರು ಹೇಳಬೇಕೆ? ನಾಲ್ಕು ಅಂಕ ಪೂರ್ತಿ ನರಕ, ಮಾತೇ ಮಾತು. ಐದನೆಯದು ಸ್ವರ್ಗ. ಗದ್ವಾಲದಲ್ಲಿ ಆಡಿಸಿದಾಗ ಐದನೇ ಅಂಕದ ಪರದೆ ಎದ್ದಿತು. ಏಳು ಜನ ಬಿಳಿ ಪಂಚೆ ಉಟ್ಟು ಸುಮ್ಮನೆ ಕೂತಿದ್ದರು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. "ಮೈಕ್ ಪೋಯಿಂದಾ?" ಮೈಕ್ ಕೆಟ್ಟಿತೇ ಎಂದು ಯಾರೋ ತೆಲುಗಿನಲ್ಲಿ ಕೇಳಿದರು. ಆಮೇಲೆ ಕುರ್ಚಿಗಳು ಖಾಲಿಯಾದವು.

"ಒಂದು ಮಾತಾದ್ರೂ ಬರೀಬಾರದಿತ್ತೇನು ಮಾಮಾ?" ಎಂದೆ.

"ಅಲ್ಲಿ ಯಾರಿಗೆ ಏನು ಕಡಿಮಿ ಐತಿ? ಕಡಿಮಿ ಇಲ್ಲಂದ್ರ ಮಾತು ಎಲ್ಲಿಂದ ಬರಬೇಕು?"

ಅದು ಅವರ ಕೊನೆಯ ನಾಟಕ. ಅಷ್ಟರಲ್ಲಿ ಫ್ಲೆಕ್ಸ್ ಬಂತು. ಮಷೀನು ಒಂದು ಗಂಟೆಯಲ್ಲಿ ಮಾಡುವುದನ್ನು ನಾಲ್ಕು ದಿನ ಕೂತು ಬರೆಯುವವರು ಯಾರಿಗೆ ಬೇಕು? ಬ್ರಷ್ಷುಗಳು ಡಬ್ಬಿಯಲ್ಲೇ ಒಣಗಿ ಕಟ್ಟಿಗೆಯಾದವು. ಅದನ್ನೂ ನಾವು ನಕ್ಕು ದಾಟಿಸುತ್ತಿದ್ದೆವೇನೋ. ಆದರೆ ಅತ್ತಿ ಒಂದು ದಿನ ಬೇಳೆ ಹಾಕದೆ ಬರೀ ನೀರಿಗೆ ಒಗ್ಗರಣೆ ಕೊಟ್ಟಳು. ಹೊಸ ನಮೂನೆ ಹಾಸ್ಯವೆಂದು ಎಲ್ಲರೂ ನಕ್ಕೆವು. ಅವಳು ಮಾತ್ರ ನಗಲಿಲ್ಲ. ನಾವು ಯಾಕೆ ನಗುತ್ತಿದ್ದೇವೆ ಎಂದು ಒಬ್ಬೊಬ್ಬರ ಮುಖ ನೋಡಿದಳು.

ಮುಂದಿನ ವರ್ಷದ ಹೊತ್ತಿಗೆ ಅವಳ ನೆನಪಿನಿಂದ ಮಗಳ ಹೆಸರೂ ಹೋಯಿತು. ರಾಯಚೂರಿನ ಡಾಕ್ಟರು, ಈ ಮರೆವು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ ಎಂದು ಹೇಳಿ ಕಳಿಸಿದರು.

ಮೊನ್ನೆ ಬೇಸಿಗೆಯಲ್ಲಿ ಹೋದಾಗ ಅತ್ತಿ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಳು. "ನಮ್ಮನಿಗೆ ಹೋಗ್ಬೇಕ್ರೀ," ಎಂದಳು. ದಿನವೂ ಇದೇ ಮಾತಂತೆ. ತವರು ನೆನಪಾಗಿರಬೇಕೆಂದು ಮಾಮಾ ಒಮ್ಮೆ ಅವಳೂರು ರಾಜೋಳಿಗೂ ಕರೆದುಕೊಂಡು ಹೋಗಿದ್ದರು. ಹುಟ್ಟಿದ ಮನೆಯೂ ಅವಳಿಗೆ ಗುರುತು ಸಿಗಲಿಲ್ಲ. ಊರ ಪಕ್ಕದ ಹೊಳೆಯ ಕಡೆಗೂ ತಿರುಗಿ ನೋಡಲಿಲ್ಲ.

"ನಡೀರಿ, ಬಿಟ್ಟು ಬರ್ತೀನಿ," ಎಂದು ಮಾಮಾ ಅವಳ ಕೈ ಹಿಡಿದರು.

ನಾನೂ ಹಿಂದೆ ಹೋದೆ. ಓಣಿಯ ಕೊನೆಯವರೆಗೆ ನಡೆದು, ಬೇವಿನ ನೆರಳಲ್ಲಿ ಒಂದು ಗಳಿಗೆ ನಿಂತು, ಹಿಂದಿನ ಓಣಿಯಿಂದ ತಿರುಗಿ, ಅದೇ ಮನೆಯ ಹಿತ್ತಲ ಬಾಗಿಲಿಗೆ ಬಂದೆವು.

"ಬಂತು ನೋಡ್ರಿ, ನಿಮ್ಮನಿ," ಎಂದರು ಮಾಮಾ.

ಅತ್ತಿಯ ಮುಖ ಹಗುರವಾಯಿತು. ಒಳಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಂಬಿಗೆಯಲ್ಲಿ ನೀರು ತಂದು ಮಾಮಾನ ಮುಂದಿಟ್ಟಳು.

"ಬಿಸಲಾಗ ಇಷ್ಟು ದೂರ ಬಂದೀರಿ. ಉಂಡು ಹೋಗ್ರಿ. ನಮ್ಮನಿಯವರು ಇನ್ನೇನು ಬರ್ತಾರ, ಭಾಳ ಚಲೋ ಮನಶ್ಯಾ. ಭೆಟ್ಟಿಯಾಗಿ ಹೋಗ್ರಿ."

ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಗಂಡನ ಬಗ್ಗೆ ಅಂಥ ಮಾತು ಬಂದದ್ದನ್ನು ನಾನಂತೂ ಕೇಳಿರಲಿಲ್ಲ. ಮಾಮಾನೂ ಕೇಳಿರಲಿಕ್ಕಿಲ್ಲ. ನೀರು ಕುಡಿದು ತಂಬಿಗೆ ಕೆಳಗಿಟ್ಟರು. ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡರು, ಆಮೇಲೆ ಕಣ್ಣನ್ನೂ.

"ಆಗ್ಲಿ ತಾಯಿ. ಅವರು ಬರೋತನಕ ಕೂಡ್ತೀನಿ," ಎಂದು ಗೋಡೆಗೆ ಆತು ಕುಳಿತರು.