ಮಾರ್ಥಳ ಎಡಗೈ

ನಡೆದದ್ದು ಇಷ್ಟೇ: ಶನಿವಾರ ಮಧ್ಯಾಹ್ನ ನಮ್ಮ ಮನೆಯ ಬೇಳೆ ತಳ ಹಿಡಿಯಿತು. ಮೊಮ್ಮಗಳು ಗ್ರೇಸಿ ಇದನ್ನು ದೇವರ ಕೃಪೆ ಎನ್ನುತ್ತಾಳೆ. ಕುಕ್ಕರ್ ಉಜ್ಜಿದವಳು ನಾನು, ನನ್ನ ಮಾತನ್ನೇ ನಂಬಿ.

ಹಲಸೂರಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಒಂದು ಪಿಯಾನೋ ಇದೆ. ಇರಬಾರದಿತ್ತು. ಕುಕ್ ಟೌನಿನಲ್ಲಿ ನಾನು ಮೂವತ್ತು ವರ್ಷ ಅಡಿಗೆಗಿದ್ದ ಮನೆಯವರು ಊರು ಬಿಡುವಾಗ ಹೊತ್ತೊಯ್ಯಲಾರದೆ ಅದನ್ನು ನನಗೆ ಬಿಟ್ಟುಹೋದರು. ನಾನು ಫ್ರಿಜ್ಜಿಗೆ ಕಾದಿದ್ದೆ. ಪಿಯಾನೋ ಒಳಗೆ ಬಂತು, ನನ್ನ ಮಂಚ ಅಡಿಗೆಮನೆ ಬಾಗಿಲಿಗೆ ಹೋಯಿತು. ಗ್ರೇಸಿ ಅಂದು ಅದರ ಮುಂದೆ ಕೂತವಳು ಇನ್ನೂ ಎದ್ದಿಲ್ಲ. ಈಗ ಮಕ್ಕಳಿಗೆ ಪಾಠ ಹೇಳುತ್ತಾಳೆ. ಈ ಸಲ ಚರ್ಚಿನ ಸ್ತ್ರೀಯರ ಭಾನುವಾರಕ್ಕೆ ತಾನೇ ಒಂದು ಸಂಗೀತ ಕಟ್ಟಿ ನುಡಿಸುತ್ತೇನೆಂದು ಪಾದ್ರಿಗಳಿಗೆ ಮಾತು ಕೊಟ್ಟುಬಿಟ್ಟಿದ್ದಳು. ಬೈಬಲಿನ ಅಕ್ಕತಂಗಿಯರ ಕಥೆ. ಯೇಸು ಮನೆಗೆ ಬಂದಾಗ ತಂಗಿ ಮರಿಯಳು ಪಾದದ ಬಳಿ ಕೂತು ಮಾತು ಕೇಳಿದಳು. ಅಕ್ಕ ಮಾರ್ಥಳು ಒಬ್ಬಳೇ ಅಡಿಗೆ ಮಾಡುತ್ತಾ ಗೊಣಗಿದಳು. ಹೊಗಳಿಸಿಕೊಂಡದ್ದು ಕೂತವಳು. ನನಗೆ ಈ ಕಥೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ದೇವರ ತೀರ್ಪಿಗೆ ಎದುರಾಡಬಾರದು, ಸರಿ. ಆದರೆ ಆ ದಿನ ತಟ್ಟೆ ತೊಳೆದವರು ಯಾರೆಂದು ಎಲ್ಲೂ ಬರೆದಿಲ್ಲ.

ಶನಿವಾರವಾದರೂ ಸಂಗೀತಕ್ಕೆ ಕೊನೆ ಸಿಕ್ಕಿರಲಿಲ್ಲ. ಬಲಗೈ ಮರಿಯಳಂತೆ, ಮಂಜು ಇಳಿದ ಹಾಗೆ. ಎಡಗೈ ಮಾರ್ಥ: ಧಡ್, ಧಡ್.

“ಇದೇನೇ, ಎಮ್ಮೆ ಮೆಟ್ಲು ಇಳಿದಂಗಿದೆ?” ಎಂದೆ.

“ಅವ್ಳು ಕೆಲಸ ಮಾಡ್ತಿದಾಳೆ ಅಜ್ಜಿ.”

“ಪಾತ್ರೆ ಕುಕ್ಕೋದು ಕೆಲಸ ಬಾರದೋಳು. ಬಲ್ಲೋಳ ಅಡಿಗೆಮನೇಲಿ ಸದ್ದಿರಲ್ಲ.”

“ಹಂಗಾದ್ರೆ ಬಂದು ತೋರ್ಸು. ನಾಳೆ ಎಲ್ರ ಮುಂದೆ ಮರ್ಯಾದೆ ಹೋಗೋದು ನಂದು. ನೀನಂತೂ ಕೇಳಕ್ಕೆ ಬರಲ್ಲ, ಹಿಂದ್ಗಡೆ ಟೀ ಕಾಸ್ತಿರ್ತೀಯ.”

ಚುಚ್ಚಿತು. ನಿಜವೂ ಹೌದು. ಏಳು ವರ್ಷದವಳಿದ್ದಾಗಿನಿಂದ ಚರ್ಚಿನಲ್ಲಿ ನುಡಿಸುತ್ತಿದ್ದಾಳೆ; ನಾನು ಒಮ್ಮೆಯೂ ಕೂತು ಕೇಳಿಲ್ಲ. ಇನ್ನೂರು ಲೋಟ ಟೀ ತಾನಾಗಿ ಕಾಯುವುದಿಲ್ಲವಲ್ಲ.

ಕುಕ್ಕರಿನಲ್ಲಿ ಬೇಳೆ ಇಟ್ಟು, ಮೊರದಲ್ಲಿ ಅಕ್ಕಿ ಹಾಕಿಕೊಂಡು ಅವಳ ಕಾಲ ಬಳಿ ನೆಲಕ್ಕೆ ಕೂತೆ. ಕೇರಿದೆ. ಮೂರು ಸಲ ಹಗುರವಾಗಿ, ಒಂದು ಸಲ ಅಂಚಿಗೆ ತಟ್ಟಿ, ಮತ್ತೆ ಮೂರು ಸಲ. ಅವಳ ಎಡಗೈ ನನ್ನ ಕೈಯನ್ನು ನೋಡಿ ನೋಡಿ ಮೆಲ್ಲಗೆ ಅದೇ ಹೆಜ್ಜೆಗೆ ಬಿತ್ತು. ಕಿಟಕಿಯ ಬಿಸಿಲಲ್ಲಿ ಹೊಟ್ಟು ಏಳುತ್ತಿತ್ತು, ಇಳಿಯಲು ಮರೆತು ತೇಲುತ್ತಿತ್ತು. ಕುಕ್ ಟೌನಿನ ಆ ದೊಡ್ಡ ಹಾಲಿನಲ್ಲಿ ಇದೇ ಪಿಯಾನೋ ನುಡಿಯುವಾಗ ಮುಚ್ಚಿದ ಬಾಗಿಲಿನಾಚೆ ಈರುಳ್ಳಿ ಹೆಚ್ಚುತ್ತಾ ಕೇಳಿದ್ದೆ. ಬಾಗಿಲು ತೆರೆದರೆ ಹೀಗಿರುತ್ತದೆಂದು ಗೊತ್ತಿರಲಿಲ್ಲ. ಗೋಡೆಗಳು ಹಿಂದೆ ಸರಿದವು. ರಸ್ತೆಯ ಹಾರನ್ನುಗಳು ಎಲ್ಲೋ ಕೆರೆಯ ಆಚೆ ದಡದಲ್ಲಿ ಕೇಳಿದಂತಾಯಿತು. ಕುಕ್ಕರಿನ ಮೊದಲ ವಿಸಿಲ್ ಎಣಿಸಿದ್ದು ನೆನಪಿದೆ. ಮೂರಕ್ಕೆ ಆರಿಸಬೇಕು.

“ಅಮ್ಮಾ!” ಎಂದು ಮಹಡಿ ಮನೆಯ ಶಮೀಮ್ ಬೀ ಮೇಲಿಂದ ಕೂಗಿದರು. “ಒಂಬತ್ತು ವಿಸಿಲ್ ಆಯ್ತು! ಬೇಯಿಸ್ತಿರೋದು ಬೇಳೆನಾ ಕಲ್ಲಾ?”

ನೋಡುತ್ತೇನೆ, ನನ್ನ ಕೈ ಮೊರದಲ್ಲಿ ಸುಮ್ಮನೆ ಬಿದ್ದಿದೆ. ಅದನ್ನು ನೋಡಿ ಗ್ರೇಸಿಯ ಎಡಗೈಯೂ ನಿಂತಿದೆ. ಬಲಗೈ ಒಂದೇ ನಡೆಯುತ್ತಿದೆ.

“ಸಿಕ್ತು ಅಜ್ಜಿ! ಇಲ್ಲೇ ಮುಗಿಯೋದು. ಮಾರ್ಥ ಕೂತ್ಕೊಂಡ್ಬಿಟ್ಲು!”

“ಬೈಬಲಲ್ಲಿ ಹಂಗಿಲ್ಲ.”

“ಆಮೇಲೇನಾಯ್ತು ಅಂತ್ಲೇ ಬರ್ದಿಲ್ವಲ್ಲ.”

“ಊಟಕ್ಕೇನು ಮಾಡಿದ್ರಂತೆ?”

“ಮೊಸರನ್ನ” ಎಂದಳು. ನಾವೂ ಅದನ್ನೇ ತಿಂದೆವು.

ಮರುದಿನ ಬೆಳಗ್ಗೆ ಚರ್ಚಿನ ಹಿಂದಿನ ಅಡಿಗೆಮನೆಗೆ ಹೋಗಿ ಟೀಪುಡಿ ಡಬ್ಬವನ್ನೂ ಸೌಟನ್ನೂ ಸ್ತ್ರೀಯರ ಸಂಘದ ಸೆಕ್ರೆಟರಿಯಮ್ಮನ ಕೈಗೆ ಕೊಟ್ಟೆ. “ಅಯ್ಯೋ, ಇಷ್ಟು ಜನಕ್ಕೆ ನಂಗೆ ಬರಲ್ಲ ರೀ” ಎಂದರು. “ನಂಗೆ ಪಿಯಾನೋ ಬರಲ್ಲ” ಎಂದು ಹೇಳಿ, ಎರಡನೇ ಬೆಂಚಿನಲ್ಲಿ ಹೋಗಿ ಕೂತೆ. ಎಡಗೈ ನಿಂತ ಮೇಲೂ ಕೂತೇ ಇದ್ದೆ. ಆಮೇಲೆ ಬಂದ ಟೀ ಕಲಗಚ್ಚಿನಂತಿತ್ತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಎರಡು ಲೋಟ ಕುಡಿದೆ.