ಮಾವ, ಸೂರ್ಯ ಮತ್ತು ಬದಲಿ ಆಳು

ಸೂರ್ಯನನ್ನು ಹಿಡಿದು ತಂದು ನಡುಮನೆಯಲ್ಲಿ ಕೂರಿಸಿಕೊಂಡವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸ್ವಂತ ಸೋದರಮಾವ. ಶಿವಮೊಗ್ಗದ ಗೋಪಾಳದಲ್ಲಿರುವ ಅವರ ಮನೆಯಲ್ಲಿ ಸೂರ್ಯ ಮುಳುಗುವುದಿಲ್ಲ, ಬಂದವರು ಹೊರಡುವುದಿಲ್ಲ. ಹೊರಡುವುದಿಲ್ಲ ಎಂದರೆ, ಹೊರಡಲು ಮಾವ ಬಿಡುವುದಿಲ್ಲ!

ಮಾವ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫರ್ನೇಸಿನ ಮುಂದೆ ನಿಂತು ಆಯುಸ್ಸು ಸವೆಸಿದವರು. ಮಕ್ಕಳಿಲ್ಲ. ನಿವೃತ್ತಿಯಾದ ಮೇಲೆ ಗಂಡಹೆಂಡತಿ ಗೋಪಾಳಕ್ಕೆ ಬಂದರು. ಅತ್ತೆ ತೀರಿಕೊಂಡ ವರ್ಷ ಯಾರೋ ಪುಣ್ಯಾತ್ಮರು ಮಾವನ ಮೊಬೈಲಿಗೆ ಒಂದು ವಿಡಿಯೋ ಕಳಿಸಿದರು. ಯಾವುದೋ ದೇಶದಲ್ಲಿ ಉದ್ದಿನವಡೆಯ ಆಕಾರದ ಭಾರೀ ಯಂತ್ರ, ಅದರ ಹೊಟ್ಟೆಯೊಳಗೆ ಗುಲಾಬಿ ಬಣ್ಣದ ಬೆಳಕು. ಹೈಡ್ರೋಜನ್ನನ್ನು ಸೂರ್ಯನ ಒಡಲಿಗಿಂತ ಹೆಚ್ಚು ಕಾಯಿಸಿ, ಪರಮಾಣುಗಳ ಬೀಜಗಳನ್ನು ಒಂದಕ್ಕೊಂದು ಬೆಸೆದು, ಆಗ ಹೊಮ್ಮುವ ಶಾಖದಿಂದ ಕರೆಂಟು ತೆಗೆಯುವ ಹಂಚಿಕೆಯಂತೆ. ಅಂಥ ಬೆಂಕಿಯನ್ನು ಯಾವ ಪಾತ್ರೆ ತಾನೇ ತಡೆದೀತು? ಅದಕ್ಕೇ ಅಯಸ್ಕಾಂತದ ಬಲದಿಂದ ಗೋಡೆಗೆ ತಾಗದಂತೆ ನಡುವಿನಲ್ಲಿ ತೇಲಿಸಿ ಹಿಡಿಯುತ್ತಾರಂತೆ. ಫರ್ನೇಸಿನ ಒಳಗಿನ ಇಟ್ಟಿಗೆ ಎಲ್ಲಿ ಕರಗಿತೋ ಎಂದು ಜೀವಮಾನವಿಡೀ ಎದೆ ಹಿಡಿದುಕೊಂಡಿದ್ದ ಮನುಷ್ಯನಿಗೆ, ಗೋಡೆಯನ್ನೇ ಮುಟ್ಟದ ಬೆಂಕಿ ಕಂಡರೆ ಹೇಗಾಗಿರಬೇಡ! ಅವತ್ತು ತಲೆಗೆ ಹತ್ತಿದ ಆ ಸೂರ್ಯ ಇನ್ನೂ ಇಳಿದಿಲ್ಲ.

ಆಯನೂರಿನಲ್ಲಿ ನಮ್ಮ ನೆಂಟರ ಮದುವೆಯಾಯಿತು. ಊಟದ ಪಂಕ್ತಿಯಲ್ಲಿ ಮಾವ ಎಲೆಯ ಮೇಲಿನ ಎರಡು ಲಾಡು ಎತ್ತಿ ಹಿಡಿದು ಪಕ್ಕದವರಿಗೆ ಪಾಠ ಶುರು ಮಾಡಿದರು. ಇವೆರಡೂ ಹೈಡ್ರೋಜನ್ನಿನ ಬೀಜಗಳು, ವಾರಗಿತ್ತಿಯರಿದ್ದ ಹಾಗೆ, ಹತ್ತಿರ ತಂದಷ್ಟೂ ದೂರ ಸರಿಯುತ್ತವೆ, ಆದರೆ ಕಾಯಿಸಿ ಕಾಯಿಸಿ ತೀರಾ ಹತ್ತಿರ ತಂದುಬಿಟ್ಟರೆ ಅಂಟಿಕೊಳ್ಳುತ್ತವೆ ಎಂದರು. ಎದುರು ಪಂಕ್ತಿಯಲ್ಲಿ ಕೂತಿದ್ದವರು ಯಾರೆಂದುಕೊಂಡಿರಿ? ಮಾತು ಬಿಟ್ಟು ವರ್ಷಗಳಾಗಿದ್ದ ನಿಜವಾದ ವಾರಗಿತ್ತಿಯರಿಬ್ಬರು! ತಮಗೇ ಅಂದದ್ದೆಂದು ಹಿರಿಯವರು ಬಾಯಿ ತೆರೆದರು. ಕಿರಿಯವರು ಅವರ ಮಾತಿಗೆ ಮಾತು ಜೋಡಿಸಿದರು. ಇಬ್ಬರೂ ಒಂದಾಗಿ ಮಾವನ ಜಾತಕ ಬಿಡಿಸಿಟ್ಟರು. ಮಾವ ತಲೆ ತಗ್ಗಿಸಿಕೊಂಡು ನನ್ನ ಕಿವಿಯಲ್ಲಿ ಹೇಳಿದರು: "ನೋಡಿದ್ಯಾ ಮಾರಾಯ್ತಿ, ಸೇರಿದ ಕೂಡ್ಲೇ ಎಷ್ಟು ಶಾಖ ಬಂತು."

ಇದನ್ನೆಲ್ಲ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಅವರ ಮನೆಯ ಕಾನೂನು. ಫರ್ನೇಸಿನಲ್ಲಿ ಒಂದು ಕಟ್ಟುಪಾಡು ಇತ್ತಂತೆ. ಶಿಫ್ಟ್ ಮುಗಿದು ಸೈರನ್ ಕೂಗಿದ ಮಾತ್ರಕ್ಕೆ ಯಾರೂ ಮನೆಗೆ ಹೋಗುವಂತಿಲ್ಲ. ಬದಲಿ ಆಳು ಬಂದು, ಬೆಂಕಿಯನ್ನು ಕಣ್ಣಾರೆ ನೋಡಿ, "ಒಪ್ಕೊಂಡೆ" ಅನ್ನಬೇಕು. ಆಮೇಲೇ ಮೊದಲಿನವರು ಹೆಜ್ಜೆ ಕೀಳಬೇಕು. ಉರಿಯುವ ಫರ್ನೇಸನ್ನು ಒಂಟಿಯಾಗಿ ಬಿಡಬಾರದು, ಸರಿ. ಆದರೆ ಅದೇ ಕಾನೂನನ್ನು ಮನೆಗೆ ಬಂದ ನೆಂಟರ ಮೇಲೆ ಹೇರುವುದೇ? ನಾನು ಹೊರಡುತ್ತೇನೆಂದು ಎದ್ದರೆ ಮಾವ ಬಾಗಿಲ ಕಡೆ ನೋಡಿ, ಬದಲಿ ಇನ್ನೂ ಬಂದಿಲ್ಲವಲ್ಲ ಎನ್ನುತ್ತಾರೆ. ಇನ್ನೊಬ್ಬರು ಬಂದು ಕೂರುವ ತನಕ ನಾನು ಕುರ್ಚಿ ಬಿಡುವಂತಿಲ್ಲ!

ಒಮ್ಮೆ ಒಬ್ಬ ಇನ್ಶೂರೆನ್ಸ್ ಏಜೆಂಟರು ಪಾಲಿಸಿ ಮಾಡಿಸಲು ಬಂದು ಸಿಕ್ಕಿಬಿದ್ದರು. ಊರಿಗೆಲ್ಲ ಕುತ್ತಿಗೆಪಟ್ಟಿ ಹಿಡಿದು ಪಾಲಿಸಿ ಮಾಡಿಸುವವರು ಮೂರು ಲೋಟ ಕಾಫಿ ಕುಡಿದು, ಸೂರ್ಯನ ಒಡಲಲ್ಲಿರುವ ಪ್ಲಾಸ್ಮಾ ಎಂದರೇನೆಂದು ತಿಳಿದುಕೊಂಡು, ಕೊನೆಗೆ ಬೀದಿಯಲ್ಲಿ ಹೋಗುತ್ತಿದ್ದ ಹೂವಿನವಳನ್ನು ಕೂಗಿ ಕರೆದು ತಮ್ಮ ಕುರ್ಚಿಯಲ್ಲಿ ಕೂರಿಸಿ ಪಾರಾದರು. ಈಗ ಅವರು ಆ ಬೀದಿಗೇ ಬರುವುದಿಲ್ಲವಂತೆ. ಅವರೊಬ್ಬರೇ ಏನು, ನಮ್ಮ ನೆಂಟರಲ್ಲೂ ಬಹಳ ಜನ ಬರುವುದು ಬಿಟ್ಟರು. ಕೂತರೆ ಏಳುವುದು ಕಷ್ಟ ಎಂದು ಫೋನಿನಲ್ಲೇ ವಿಚಾರಿಸಿಕೊಳ್ಳುತ್ತಾರೆ. ಉಳಿದವಳು ನಾನು. ಅದೇ ಊರಿನ ವಿದ್ಯಾನಗರದಿಂದ ಭಾನುವಾರ ಹೋಗುತ್ತೇನೆ, ಬದಲಿ ಸಿಕ್ಕದೆ ಒದ್ದಾಡುತ್ತೇನೆ, ಗ್ಯಾಸ್ ಮೇಲೆ ಹಾಲಿಟ್ಟು ಬಂದಿದ್ದೇನೆಂದು ಸುಳ್ಳು ಹೇಳಿ ಓಡಿ ಬರುತ್ತೇನೆ. ನಮ್ಮ ಮನೆಯಲ್ಲಿ ಪ್ರತಿ ವಾರ ಹಾಲು ಉಕ್ಕುತ್ತದೆಂದು ಮಾವ ನಂಬಿದ್ದಾರೆ.

ಮೊನ್ನೆ ಭದ್ರಾವತಿಯ ಕಾಲೇಜೊಂದರಲ್ಲಿ ಇದೇ ಬೀಜ ಬೆಸೆಯುವ ಫ್ಯೂಷನ್ ಬಗ್ಗೆ ಭಾಷಣವಿದೆಯೆಂದು ಗೊತ್ತಾಯಿತು. ಮಾವ ಇಸ್ತ್ರಿ ಅಂಗಿ ತೊಟ್ಟು ಮದುಮಗನಂತೆ ಹೊರಟರು. ನಾನೂ ಜೊತೆಗೆ ಹೋದೆ. ಭಾಷಣ ಚೆನ್ನಾಗಿತ್ತು. ಇದರಿಂದ ಊರಿಗೆ ಕರೆಂಟು ಬರಲು ಇನ್ನೂ ಬಹಳ ವರ್ಷ ಬೇಕು ಎಂದಾಗಲೂ ಮಾವ ತಲೆದೂಗುತ್ತಿದ್ದರು. ಪ್ರಶ್ನೆ ಕೇಳಬಹುದು ಎಂದದ್ದೇ ತಡ, ಎದ್ದು ನಿಂತರು.

"ಸಾರ್, ಆ ಬೆಂಕಿ ಕಾಯೋರಿಗೆ ಬದಲಿ ಬರದಿದ್ರೆ ಏನ್ಮಾಡ್ತಾರೆ?"

ಉಪನ್ಯಾಸಕರು ಇನ್ನೂ ಚಿಕ್ಕ ವಯಸ್ಸಿನವರು. ಪ್ರೀತಿಯಿಂದಲೇ ಉತ್ತರಿಸಿದರು. "ಕಂಟ್ರೋಲ್ ರೂಮಲ್ಲಿ ಜನ ಇರ್ತಾರೆ ಸರ್. ಆದ್ರೆ ಅವರು ಎದ್ದು ಹೋದ್ರೂ ಅನಾಹುತ ಆಗಲ್ಲ. ಹಿಡಿತ ತಪ್ಪಿದ ಕ್ಷಣಾನೇ ಅದು ತಾನಾಗೇ ಆರಿಹೋಗುತ್ತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಎಷ್ಟು ಸುರಕ್ಷಿತ, ಎಷ್ಟು ಒಳ್ಳೆಯ ಸುದ್ದಿ! ಮಾವ ಮಾತ್ರ ಕೂತುಬಿಟ್ಟರು. ಶಿವಮೊಗ್ಗದ ಬಸ್ಸು ಹತ್ತಿದ ಮೇಲೂ ಅವರ ಬಾಯಿಂದ ಮಾತಿಲ್ಲ. ನನಗೆ ಭಯವಾಯಿತು. ಸೂರ್ಯನ ಬಗ್ಗೆ ನಾನೇ ಒಂದೆರಡು ಪ್ರಶ್ನೆ ಕೇಳಿದೆ ಎಂದರೆ ನನ್ನ ಗತಿ ಊಹಿಸಿಕೊಳ್ಳಿ! ಊರು ಹತ್ತಿರವಾದಾಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಮೆಲ್ಲಗೆ ಹೇಳಿದರು.

"ನಿಮ್ಮತ್ತೆನೂ ಹಂಗೇ ಕಣೇ. ಆಸ್ಪತ್ರೇಲಿ ನರ್ಸಮ್ಮ, ಒಂದು ಕಾಫಿ ಕುಡ್ಕೊಂಡು ಬನ್ನಿ ಅಂದ್ರು. ಯಾರಿಗೂ ಒಪ್ಪಿಸದೆ ಎದ್ದು ಹೋದೆ. ಬರೋದ್ರೊಳಗೆ ಆರಿಹೋಗಿದ್ಲು."

ಮಾವ ಕಾಫಿಗೆ ಹೋಗದಿದ್ದರೂ ಅತ್ತೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಆಗಲೇ ಹೇಳಿದ್ದರು. ಅದು ಮಾವನಿಗೂ ಗೊತ್ತು. ಗೊತ್ತಿದ್ದರೆ ಸಾಕೇ? ಅತ್ತೆ ಇದ್ದಾಗ ಆ ಮನೆಯಲ್ಲಿ ಬದಲಿಯ ಕಾನೂನು ಇರಲಿಲ್ಲ, ಯಾರು ಯಾವಾಗ ಬೇಕಾದರೂ ಎದ್ದು ಬರಬಹುದಿತ್ತು ಎಂಬುದು ನನಗೆ ಆಗ ನೆನಪಾಯಿತು. ಇಷ್ಟು ಕಾಲ ಆ ಕಾನೂನನ್ನು ಹೇಳಿಕೊಂಡು ನಗುತ್ತಿದ್ದೆವು.

ಮನೆ ಸೇರಿದಾಗ ಸಂಜೆಯಾಗಿತ್ತು. ಬೀಗ ತೆಗೆದು, ದೀಪ ಹಾಕಿ, ಮಾವ ತಮ್ಮ ಕುರ್ಚಿಯಲ್ಲಿ ಕೂತರು. ನಾನು ಎದುರಿನ ಕುರ್ಚಿಯಲ್ಲಿ ಕೂತೆ. ಅವರು ಬಾಗಿಲ ಕಡೆ ನೋಡಲಿಲ್ಲ.

"ನೀನು ಹೊರಡು ಮಾರಾಯ್ತಿ, ಕತ್ತಲಾಗುತ್ತೆ. ಇಲ್ಲೇನೂ ಅನಾಹುತ ಆಗಲ್ಲ."

ಈ ಕುರ್ಚಿಯಿಂದ ತಪ್ಪಿಸಿಕೊಳ್ಳಲು ನಾನು ಹೂಡದ ಉಪಾಯವಿರಲಿಲ್ಲ. ಈಗ ಅವರೇ ಬಾಯಿಬಿಟ್ಟು ಹೊರಡು ಎಂದರು, ನನಗೆ ಏಳಲು ಆಗಲಿಲ್ಲ. ಮನೆಗೆ ಫೋನ್ ಮಾಡಿ, ನೀವು ಉಂಡುಬಿಡಿ, ನಾನು ತಡವಾಗಿ ಬರುತ್ತೇನೆ ಎಂದೆ. ಮಾವನಿಗೆ, ಊಟ ಇಲ್ಲೇ ಮಾಡ್ತೀನಿ ಎಂದೆ. ಅವರು ಎದ್ದು ಅಡುಗೆಮನೆಗೆ ಹೋದರು. ಎಷ್ಟು ಹೊತ್ತಾದರೂ ಪಾತ್ರೆಯ ಸದ್ದಿಲ್ಲ. ಹೋಗಿ ನೋಡಿದರೆ, ಅಕ್ಕಿ ಡಬ್ಬಿಯ ಮುಂದೆ ಅಳತೆಯ ಪಾವು ಹಿಡಿದುಕೊಂಡು ನಿಂತಿದ್ದರು. ಇಬ್ಬರಿಗೆ ಎಷ್ಟು ಅಕ್ಕಿ ಹಾಕಬೇಕೆಂಬುದು ಅವರಿಗೆ ಮರೆತುಹೋಗಿತ್ತು.